ಮಂಡಕಳ್ಳಿ ರನ್‌ವೇ ಪಕ್ಕದ ಒಂದು ಊರು: ಒಂದು ತಕರಾರು ಅರ್ಜಿ ಎರಡಾದ ಪ್ರಕರಣ

ಮೈಸೂರಿನಿಂದ ನಂಜನಗೂಡು ಕಡೆಗೆ ಹತ್ತು ಕಿಲೋಮೀಟರ್ ಹೋದರೆ ಮಂಡಕಳ್ಳಿ ವಿಮಾನ ನಿಲ್ದಾಣ ಸಿಗುತ್ತದೆ. ಅರಸರ ಕಾಲದಲ್ಲಿ, 1940ರ ದಶಕದಲ್ಲಿ ಶುರುವಾದದ್ದು. ಈಗಿನ ಟರ್ಮಿನಲ್ 2010ರ ಮೇ ತಿಂಗಳಲ್ಲಿ ಉದ್ಘಾಟನೆಯಾಯಿತು. ರನ್‌ವೇ ಉದ್ದ 1,740 ಮೀಟರ್. ಎಟಿಆರ್ ತರಹದ ಫ್ಯಾನಿನ ವಿಮಾನಗಳಿಗೆ ಇಷ್ಟು ಸಾಕು. ಏರ್‌ಬಸ್ 320, ಬೋಯಿಂಗ್ 737 ಬರಬೇಕಾದರೆ ಸಾಲದು. ಅದಕ್ಕೇ ಇದನ್ನು 2,750 ಮೀಟರ್‌ಗೆ ಬೆಳೆಸಬೇಕು ಅನ್ನುವ ಯೋಜನೆ. 200 ಎಕರೆಗೂ ಜಾಸ್ತಿ ಜಮೀನು ಬೇಕು. ದಾರಿಗೆ ಅಡ್ಡ ಇರುವುದು ಹೊಲಗಳು ಮಾತ್ರ ಅಲ್ಲ, ಊಟಿ, ಕೇರಳದ ಕಡೆ ಹೋಗುವವರೆಲ್ಲ ಓಡಾಡುವ 766ನೇ ನಂಬರಿನ ಹೆದ್ದಾರಿಯೂ ಇದೆ. ಹೆದ್ದಾರಿಯನ್ನು ಕೆಳಗಿಳಿಸಿ ಅದರ ಮೇಲೆ ರನ್‌ವೇ ಹಾಯಿಸುವ ಮಾತು ವರ್ಷಗಟ್ಟಲೆ ನಡೆದಿದೆ.

ಈ ಪ್ರಕರಣ ಆ ಸುತ್ತಿನ ಒಂದು ಊರಿನದು. ಊರಿನ ಹೆಸರು, ಜನರ ಹೆಸರು ಬೇಕೆಂದೇ ಬಿಟ್ಟಿದ್ದೇನೆ. ಕೆಲವರ ಪರಿಹಾರದ ಫೈಲು ಇನ್ನೂ ಓಡಾಡುತ್ತಿದೆ, ಅವರಿಗೆ ನನ್ನ ಬರಹದಿಂದ ತೊಂದರೆ ಆಗಬಾರದು. ಅರ್ಜಿ ಬರೆಯುವುದಕ್ಕೆ ಕೈ ಜೋಡಿಸಿದವರಲ್ಲಿ ನಾನೂ ಒಬ್ಬ. ಹಾಗಾಗಿ ಇದು ಮಧ್ಯಸ್ಥನ ವರದಿ ಅಲ್ಲ, ಊರಿನ ಕಡೆಯವನ ಬರಹ.

ಊರಲ್ಲಿ ಏನಿದೆ ಅಂತ ಒಂದು ಮಾತು. ಮಳೆ ನಂಬಿದ ಹೊಲದಲ್ಲಿ ರಾಗಿ, ಹುರುಳಿ, ಅವರೆ. ಬೋರು ಇದ್ದವರು ತೆಂಗು, ತರಕಾರಿ ಬೆಳೆಯುತ್ತಾರೆ. ಮನೆಗೊಂದೋ ಎರಡೋ ಹಸು, ಬೆಳಗ್ಗೆ ಸಂಜೆ ಡೇರಿಗೆ ಹಾಲು. ಹುಡುಗರು ಬೈಕ್ ಹತ್ತಿ ಮೈಸೂರಿಗೋ ನಂಜನಗೂಡಿನ ಫ್ಯಾಕ್ಟರಿಗಳಿಗೋ ಹೋಗುತ್ತಾರೆ. ತಲೆ ಮೇಲೆ ತರಬೇತಿ ವಿಮಾನಗಳು ಸುತ್ತು ಹೊಡೆಯುತ್ತಿರುತ್ತವೆ. ವಿಮಾನ ಇವರಿಗೆ ಹೊಸದಲ್ಲ, ಅದರ ಸದ್ದೂ ಹೊಸದಲ್ಲ.

ಮೊದಲ ಅರ್ಜಿ

ಊರಿನ ಹುಡುಗರೇ ಕೂತು ಬರೆದ ಅರ್ಜಿ ಅದು. ವಿಸ್ತರಣೆ ಬೇಡವೇ ಬೇಡ ಅಂತ ಮೊದಲ ಸಾಲು. ರೈತ ದೇಶದ ಬೆನ್ನೆಲುಬು ಅಂತ ಎರಡನೆಯದು. ಆಮೇಲೆ ಸಾಲಾಗಿ ಶಬ್ದ, ಹೊಗೆ, ಕೆರೆ, ರಂಗನತಿಟ್ಟಿನ ಹಕ್ಕಿ, ಭೂಮಿ ಬಿಸಿಯಾಗುವುದು, ಮನೆಗೊಂದು ಸರ್ಕಾರಿ ಕೆಲಸ, ಎಕರೆಗೆ ಇಷ್ಟು ಕೋಟಿ, ಕೊನೆಗೆ ನಿವೇಶನ. ಕೆಳಗೆ ಸಹಿಗಳು, ಹೆಬ್ಬೆಟ್ಟುಗಳು.

ಇದರಲ್ಲಿ ಸುಳ್ಳು ಒಂದೂ ಇಲ್ಲ. ಆದರೆ ಇಂಥ ಅರ್ಜಿ ಬಂದರೆ ಓದುವ ಅಧಿಕಾರಿಯ ಕೆಲಸ ಬಹಳ ಸಲೀಸು. ಬೇಡವೇ ಬೇಡ ಅಂದವರೇ ಕೆಳಗೆ ದರವನ್ನೂ ಹೇಳಿದ್ದಾರೆ. ಅಂದಮೇಲೆ ಇದು ಚೌಕಾಸಿ, ದರ ನಿಗದಿ ಸಭೆಯಲ್ಲಿ ನೋಡಿಕೊಳ್ಳೋಣ ಅಂತ ಒಂದು ಸಾಲು ಬರೆದರೆ ಮುಗಿಯಿತು. ಕೆರೆಯ ಮಾತು ಅಲ್ಲೇ ಸತ್ತುಹೋಗುತ್ತದೆ.

ಇನ್ನೊಂದು ಕಡೆಯಿಂದಲೂ ಪೆಟ್ಟು. ಜಮೀನಿನ ತಕರಾರು ಹೋಗಬೇಕಾದ ಬಾಗಿಲು ಒಂದು, ಪರಿಸರದ ತಕರಾರು ಹೋಗಬೇಕಾದ ಬಾಗಿಲು ಇನ್ನೊಂದು. ಕೆಐಎಡಿಬಿ, ಅಂದರೆ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ ಮೂಲಕ ಜಮೀನು ಹೋಗುವಾಗ ನಡೆಯುವುದು ಆ ಮಂಡಳಿಯ 1966ರ ಕಾಯ್ದೆ. ಅದರ ಕಲಂ 28(1)ರಲ್ಲಿ ಮೊದಲ ಅಧಿಸೂಚನೆ, 28(2)ರಲ್ಲಿ ನೋಟಿಸು. ನೋಟಿಸು ಕೈಗೆ ಬಂದ ದಿನದಿಂದ 30 ದಿನದೊಳಗೆ ಆಕ್ಷೇಪಣೆ ಹಾಕಬೇಕು. ಹಾಕಿದವರ ಮಾತನ್ನು 28(3)ರಲ್ಲಿ ಕೇಳುತ್ತಾರೆ, 28(4)ರಲ್ಲಿ ಅಂತಿಮ ಅಧಿಸೂಚನೆ. ಕೇಂದ್ರದ 2013ರ ಭೂಸ್ವಾಧೀನ ಕಾಯ್ದೆಯಲ್ಲಿ ಜಮೀನು ಕಳಕೊಳ್ಳುವವರಷ್ಟೇ ಅಲ್ಲದೆ ಅಲ್ಲಿ ದುಡಿಯುವವರ ಮೇಲಾಗುವ ಪರಿಣಾಮವನ್ನೂ ಮೊದಲು ಅಧ್ಯಯನ ಮಾಡಬೇಕು ಅಂತಿದೆ. 1966ರ ಕಾಯ್ದೆಯಲ್ಲಿ ಅದು ಇಲ್ಲ. ಅಂದರೆ ಆ ಮಾತನ್ನು ನಾವೇ ಅರ್ಜಿಯಲ್ಲಿ ಎತ್ತದಿದ್ದರೆ ಬೇರೆ ಯಾರೂ ಎತ್ತುವುದಿಲ್ಲ.

ಪರಿಸರದ ಬಾಗಿಲು 2006ರ ಸೆಪ್ಟೆಂಬರ್ 14ರ ಇಐಎ, ಅಂದರೆ ಪರಿಸರ ಪರಿಣಾಮ ಅಂದಾಜಿನ ಅಧಿಸೂಚನೆ. ವಿಮಾನ ನಿಲ್ದಾಣಗಳು ಅದರ ಪಟ್ಟಿಯಲ್ಲಿ 7(ಎ). 2022ರ ಜುಲೈನಲ್ಲಿ ಒಂದು ತಿದ್ದುಪಡಿ ಬಂತು. ಇರುವ ಜಾಗದೊಳಗೇ ಟರ್ಮಿನಲ್ ಕಟ್ಟಡ ದೊಡ್ಡದು ಮಾಡುವವರಿಗೆ ಪರಿಸರ ಅನುಮತಿಯಿಂದ ವಿನಾಯಿತಿ ಸಿಕ್ಕಿತು. ರನ್‌ವೇ ಬೆಳೆಸುವವರಿಗೆ ಸಿಕ್ಕಲಿಲ್ಲ. ಮಂಡಕಳ್ಳಿಯಂಥ ಯೋಜನೆಗೆ ಇದು ದೊಡ್ಡ ಮಾತು.

ದುಡ್ಡಿನ ಮಾತು, ನೀರಿನ ಮಾತು

ಅರ್ಜಿಯನ್ನು ಎರಡು ಮಾಡೋಣ ಅಂದಾಗ ಊರಲ್ಲಿ ಸುಮ್ನೆ ಒಪ್ಪಿಕೊಳ್ಳಲಿಲ್ಲ. ಇಡೀ ಪ್ರಕರಣದಲ್ಲಿ ಕಷ್ಟದ ಭಾಗ ಇದೇ. ಕಾನೂನು, ಲೆಕ್ಕ ಎಲ್ಲ ಆಮೇಲೆ.

ಹೆದ್ದಾರಿ ಪಕ್ಕ ಜಮೀನಿದ್ದ ಒಬ್ಬ ಹಿರಿಯರು ನೇರವಾಗಿಯೇ ಹೇಳಿದರು. “ದುಡ್ಡು ಬೇಕೋ ಜಮೀನು ಬೇಕೋ ಅಂತ ನನ್ನ ಕೇಳ್ಬೇಡಿ ಸಾ. ಎಷ್ಟು ಕೊಡ್ತಾರೆ ಅಂತ ಮೊದ್ಲು ಗೊತ್ತಾಗ್ಲಿ. ಮಗಳ ಮದ್ವೆ ಸಾಲ ನಂದು, ಕೆರೆ ಊರಿಂದು.” ಈ ಮಾತಲ್ಲಿ ಏನೂ ತಪ್ಪಿಲ್ಲ. ಅವರ ಜಮೀನಿಗೆ ಮಾರುಕಟ್ಟೆಯಲ್ಲಿ ಒಳ್ಳೇ ಬೆಲೆ ಇದೆ. ಒಳ್ಳೇ ದರ ಸಿಕ್ಕರೆ ಅವರು ಕೊಡುತ್ತಾರೆ, ಕೊಡಲಿ. ಆದರೆ ಅವರ ಸಹಿ ಬೇಡವೇ ಬೇಡ ಅನ್ನುವ ಅರ್ಜಿಯ ಕೆಳಗೆ ಇದ್ದು, ನಾಳೆ ಅವರೇ ಒಪ್ಪಿಗೆ ಪತ್ರಕ್ಕೂ ಸಹಿ ಹಾಕಿದರೆ, ಅರ್ಜಿಯ ಉಳಿದ ಸಹಿಗಳೂ ಹಗುರಾಗುತ್ತವೆ.

ಊರಿನ ಒಳಭಾಗದ ಹೊಲದವರ ಕಥೆ ಬೇರೆ. ಅವರ ಹೊಲ ಅಧಿಸೂಚನೆಯಲ್ಲೇ ಇಲ್ಲ. ಒಂದು ರೂಪಾಯಿಯೂ ಬರುವುದಿಲ್ಲ. ಆದರೆ ಮಳೆ ನೀರು ಹರಿಯುವ ಹಳ್ಳ ಮುಚ್ಚಿದರೆ ನೀರು ನಿಲ್ಲುವುದು ಅವರ ಹೊಲದಲ್ಲೇ. ಮೊದಲ ಅರ್ಜಿಯಲ್ಲಿ ಅವರ ಮಾತಿಗೆ ಸಿಕ್ಕಿದ್ದು ಒಂದು ಪದ, ಕೆರೆ.

ಮೂರನೆಯವರು ಪಹಣಿಯಲ್ಲಿ ಹೆಸರೇ ಇಲ್ಲದವರು. ಬೇರೆಯವರ ಹೊಲ ವಾರಕ್ಕೆ, ಅಂದರೆ ಬೆಳೆಯಲ್ಲಿ ಪಾಲು ಕೊಟ್ಟು ಮಾಡುವವರು, ಕೂಲಿಗೆ ಹೋಗುವವರು, ಗೋಮಾಳದಲ್ಲಿ ಹಸು ಮೇಯಿಸಿ ಹಾಲು ಹಾಕುವವರು. ಸಭೆಯಲ್ಲಿ ಇವರು ಹಿಂದೆ ನಿಂತಿದ್ದರು. ಒಬ್ಬ ಹೆಂಗಸು ಕೊನೆಗೆ ಕೇಳಿದಳು. “ನಮ್ ಹೆಸ್ರು ಪಹಣೀಲೂ ಇಲ್ಲ, ನಿಮ್ ಅರ್ಜೀಲೂ ಇಲ್ಲ. ನಾವ್ಯಾಕಣ್ಣ ಬಂದು ಕೂತ್ಕಬೇಕು?” ಉತ್ತರ ಯಾರ ಹತ್ತಿರವೂ ಇರಲಿಲ್ಲ. ಕಾಯ್ದೆ ಮಾತ್ರ ಇವರಿಗೆ ಒಂದು ಸಣ್ಣ ಕಿಂಡಿ ಬಿಟ್ಟಿದೆ. 28(2)ರ ನೋಟಿಸು ಮಾಲೀಕನಿಗಷ್ಟೇ ಅಲ್ಲ, ಜಮೀನು ಅನುಭವದಲ್ಲಿ ಇಟ್ಟುಕೊಂಡವರಿಗೆ, ಅದರಲ್ಲಿ ಹಿತಾಸಕ್ತಿ ಇರುವವರಿಗೂ ಹೋಗಬೇಕು. ಹಾಗಾದರೆ ಹಿತಾಸಕ್ತಿ ಇದೆ ಅಂತ ತೋರಿಸಲು ಏನಿದೆ? ಡೇರಿ ಪಾಸ್‌ಬುಕ್ ಇದೆ, ನರೇಗಾ ಜಾಬ್ ಕಾರ್ಡ್ ಇದೆ, ಗೊಬ್ಬರದ ಅಂಗಡಿ ಚೀಟಿ ಇದೆ. ಇವನ್ನೆಲ್ಲ ಜೆರಾಕ್ಸ್ ಮಾಡಿಸಿ, ಪ್ರತಿ ಮನೆಗೂ ಒಂದೊಂದು ಪುಟದ ಅರ್ಜಿ ಆಯಿತು. ವಾರಕ್ಕೆ ಕೊಟ್ಟ ಮಾಲೀಕರಲ್ಲಿ ಕೆಲವರಿಗೆ ಇದು ಹಿಡಿಸಲಿಲ್ಲ. ನಾಳೆ ಇವರೇ ಗೇಣಿ ಹಕ್ಕು ಕೇಳಿದರೆ ಅಂತ ಅನುಮಾನ. ಒಂದಿಬ್ಬರು ಆ ವರ್ಷವೇ ಹೊಲ ಬಿಡಿಸಿಕೊಂಡರು. ಈ ನಷ್ಟವನ್ನು ಯಾರೂ ಯಾವ ಪಟ್ಟಿಯಲ್ಲೂ ಬರೆಯುವುದಿಲ್ಲ. ಅದಕ್ಕೇ ಇಲ್ಲಿ ಬರೆದಿದ್ದೇನೆ.

ಕೊನೆಗೆ ಊರು ಒಪ್ಪಿದ್ದು ಹೀಗೆ. ದರ, ನಿವೇಶನ, ಕೆಲಸ, ಹಸುಗಳ ಮೇವು, ಇದೆಲ್ಲ ಜಮೀನಿನ ಅರ್ಜಿಗಳಲ್ಲಿ. ಅವರವರ ಸರ್ವೆ ನಂಬರಿನ ಹೆಸರಲ್ಲಿ, ಅವರವರ ಸಹಿಯಲ್ಲಿ. ಕೆರೆ, ಹಳ್ಳ, ಹಕ್ಕಿ, ಸದ್ದು, ಇವು ಇನ್ನೊಂದು ಅರ್ಜಿಯಲ್ಲಿ, ಊರಿನ ಹೆಸರಲ್ಲಿ. ಎರಡನೆಯದರಲ್ಲಿ ದುಡ್ಡಿನ ಒಂದಂಕಿಯೂ ಬರಬಾರದು. ದರಕ್ಕೆ ಒಪ್ಪಿದವನೂ ಎರಡನೆಯದಕ್ಕೆ ಸಹಿ ಹಾಕಬಹುದು, ಅದರಲ್ಲಿ ವಿರೋಧ ಏನಿಲ್ಲ. ಹೆದ್ದಾರಿ ಪಕ್ಕದ ಹಿರಿಯರು ಎರಡಕ್ಕೂ ಸಹಿ ಹಾಕಿದರು.

ದೇವನಹಳ್ಳಿ ತರ ಮಾಡೋಣ ಅಂತಲೂ ಮಾತು ಬಂತು. ಅಲ್ಲಿ ಚನ್ನರಾಯಪಟ್ಟಣ ಹೋಬಳಿಯ ರೈತರು 1,777 ಎಕರೆ ಸ್ವಾಧೀನದ ವಿರುದ್ಧ ಸಾವಿರಕ್ಕೂ ಹೆಚ್ಚು ದಿನ ಕೂತರು. 2025ರ ಜುಲೈ 15ರಂದು ಸರ್ಕಾರ ಕೈಬಿಟ್ಟಿತು. ಹುರುಪು ಬರುವ ಉದಾಹರಣೆಯೇ. ಆದರೆ ಒಂದು ವ್ಯತ್ಯಾಸ ಇದೆ. ಅಲ್ಲಿ ಕೇಳಿದ್ದು ಏರೋಸ್ಪೇಸ್ ಪಾರ್ಕ್‌ಗೆ. ಪಾರ್ಕನ್ನು ಇನ್ನೊಂದು ಕಡೆ ಮಾಡಬಹುದು. ಇರುವ ರನ್‌ವೇಗೆ ಬಾಲ ಸೇರಿಸಬೇಕಾದರೆ ಅದರ ನೇರಕ್ಕೇ ಸೇರಿಸಬೇಕು. ಹಾಗಾಗಿ ಬೇರೆ ಕಡೆ ಮಾಡಿಕೊಳ್ಳಿ ಅನ್ನುವ ಘೋಷಣೆ ಇಲ್ಲಿ ನಡೆಯುವುದಿಲ್ಲ. ಬೇಕೇ, ಎಷ್ಟು ಬೇಕು, ಹೇಗೆ ಅನ್ನುವ ಮೂರು ಪ್ರಶ್ನೆಗಳೇ ನಮ್ಮ ಕೈಲಿರುವುದು.

ಎಷ್ಟು ಬೇಕು

ಎರಡನೆಯ ಅರ್ಜಿಯ ಜೀವಾಳ ಒಂದು ಗುಣಾಕಾರ. 2,750ರಲ್ಲಿ 1,740 ಕಳೆದರೆ 1,010 ಮೀಟರ್. ರನ್‌ವೇ ಅಗಲ 45 ಮೀಟರ್ ಅಂತ ಹಿಡಿಯಿರಿ. 45,450 ಚದರ ಮೀಟರ್, ಅಂದರೆ ಹನ್ನೊಂದು ಎಕರೆ ಚಿಲ್ಲರೆ. ಹನ್ನೊಂದು ಎಕರೆ ಟಾರಿಗೆ 200 ಎಕರೆ ಯಾಕೆ ಅಂತ ಹುಡುಗರು ಕುಣಿದರು. ಅಷ್ಟಕ್ಕೇ ಬಿಟ್ಟಿದ್ದರೆ ಪರಿಸರ ಅನುಮತಿಗೆ ಮುಂಚೆ ಜನರ ಮಾತು ಕೇಳುವ ಆಲಿಕೆ ಸಭೆಯಲ್ಲಿ ಒಬ್ಬ ಎಂಜಿನಿಯರ್ ಎರಡು ನಿಮಿಷದಲ್ಲಿ ನಮ್ಮ ಬಾಯಿ ಮುಚ್ಚಿಸುತ್ತಿದ್ದ. ದೊಡ್ಡ ವಿಮಾನ ಇಳಿಯುವ ರನ್‌ವೇಗೆ ನಡುಗೆರೆಯಿಂದ ಎರಡೂ ಬದಿ 140 ಮೀಟರ್ ಖಾಲಿ ಪಟ್ಟಿ ಬೇಕು ಅಂತ ಅಂತರರಾಷ್ಟ್ರೀಯ ನಿಯಮ. 1,010 ಮೀಟರ್‌ಗೆ 280 ಮೀಟರ್ ಅಗಲ ಅಂದರೇ 70 ಎಕರೆ ಆಯಿತು. ತುದಿಯಲ್ಲಿ ವಿಮಾನ ಜಾರಿದರೆ ತಡೆಯುವ ಸುರಕ್ಷಾ ಜಾಗ, ದೀಪದ ಸಾಲು, ಟ್ಯಾಕ್ಸಿವೇ, ಕಾಂಪೌಂಡಿನ ರಸ್ತೆ, ಇವೂ ಸೇರಬೇಕು.

ಹಾಗಾಗಿ ಪ್ರಶ್ನೆಯನ್ನು ತಿರುಗಿಸಿದೆವು. ಯಾವ ಸರ್ವೆ ನಂಬರು ಯಾವುದಕ್ಕೆ ಬೇಕು, ನಕ್ಷೆ ಮೇಲೆ ಬಣ್ಣ ಹಾಕಿ ತೋರಿಸಿ. ರನ್‌ವೇಗೆ ಎಷ್ಟು, ಪಟ್ಟಿಗೆ ಎಷ್ಟು, ರಸ್ತೆಗೆ ಎಷ್ಟು, ಮುಂದೆ ಬೇಕಾಗಬಹುದು ಅಂತ ಇಟ್ಟುಕೊಂಡದ್ದು ಎಷ್ಟು? ಕೊನೆಯದಕ್ಕೆ ಉತ್ತರ ಬಂದರೆ ಅಲ್ಲಿಂದ ಚರ್ಚೆ ಶುರು. 2,750 ಬದಲು 2,000 ಮೀಟರ್ ಸಾಕಲ್ವಾ ಅಂತ ಕೇಳುವ ಆಸೆ ಇತ್ತು. ಅದನ್ನು ಬಿಟ್ಟೆವು. ಮೈಸೂರು ಸಮುದ್ರ ಮಟ್ಟಕ್ಕಿಂತ 700 ಮೀಟರ್‌ಗೂ ಮೇಲಿದೆ. ಎತ್ತರದಲ್ಲಿ ಗಾಳಿ ತೆಳು, ವಿಮಾನ ಜಾಸ್ತಿ ದೂರ ಓಡಬೇಕು. 300 ಮೀಟರ್ ಎತ್ತರಕ್ಕೆ ಶೇ. 7ರಷ್ಟು ಉದ್ದ ಸೇರಿಸುವುದು ವಾಡಿಕೆ. ಗೊತ್ತಿಲ್ಲದ ವಿಷಯದಲ್ಲಿ ಅಂಕಿ ಹೇಳುವುದಕ್ಕಿಂತ ಅವರ ಲೆಕ್ಕ ತರಿಸಿಕೊಳ್ಳುವುದು ಮೇಲು.

ನೀರಿನ ಭಾಗಕ್ಕೂ ಅದೇ ಹನ್ನೊಂದು ಎಕರೆ ಸಾಕಾಯಿತು. 50 ಮಿಲಿಮೀಟರ್‌ನ ಒಂದು ಜೋರು ಮಳೆ ಬಿದ್ದರೆ ಆ ಟಾರಿನ ಮೇಲಿಂದ ಹರಿಯುವುದು ಹತ್ತಿರ ಹತ್ತಿರ 23 ಲಕ್ಷ ಲೀಟರ್. 5,000 ಲೀಟರಿನ ಟ್ಯಾಂಕರ್‌ನಲ್ಲಿ 450ಕ್ಕೂ ಹೆಚ್ಚು ಲೋಡು. ಇವತ್ತು ಅದರಲ್ಲಿ ಬಹುಪಾಲು ಹೊಲದಲ್ಲೇ ಇಂಗುತ್ತದೆ, ಉಳಿದದ್ದು ಹಳ್ಳ ಹಿಡಿದು ಕೆರೆ ಸೇರುತ್ತದೆ. ನಾಳೆ ಎಲ್ಲಿಗೆ? ಭೂಮಾಪನ ಇಲಾಖೆಯ ಗ್ರಾಮ ನಕಾಶೆ ತರಿಸಿದರೆ ಅದರಲ್ಲಿ ಹಳ್ಳದ ಗೆರೆ ಸ್ಪಷ್ಟ ಇತ್ತು. ಮಳೆಗಾಲದಲ್ಲಿ ಹಳ್ಳ ಹರಿಯುವ ಫೋಟೊಗಳನ್ನು ತಾರೀಖು ಕಾಣುವ ಹಾಗೆ ತೆಗೆದು ಸೇರಿಸಿದೆವು. ಸಹಜ ಹಳ್ಳಗಳಿಗೆ ಅಡ್ಡ ರಸ್ತೆ ಹಾಕಿದರೆ ಏನಾಗುತ್ತದೆ ಅಂತ ಈ ಭಾಗದವರಿಗೆ ಪಾಠ ಹೇಳಬೇಕಿಲ್ಲ. 2022ರ ಆಗಸ್ಟ್ ಕೊನೆಯಲ್ಲಿ ರಾಮನಗರದ ಹತ್ತಿರ ಬೆಂಗಳೂರು-ಮೈಸೂರು ದಶಪಥದ ಮೇಲೆ ಕಾರುಗಳು ತೇಲಿದ್ದನ್ನು ಎಲ್ಲರೂ ನೋಡಿದ್ದಾರೆ.

ಹಕ್ಕಿಗಳ ಭಾಗದಲ್ಲಿ ಮೈಸೂರಿನ ಗೆಳೆಯರ ಜೊತೆ ಸಣ್ಣ ಜಗಳವೇ ಆಯಿತು. ಅವರಿಗೆ ರಂಗನತಿಟ್ಟು ಮೊದಲು ಬರಬೇಕು. 2022ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್‌ಸಾರ್ ಪಟ್ಟಿಗೆ ಸೇರಿದ ಜಾಗ, ಹೆಸರಿಗೆ ತೂಕ ಇದೆ. ಆದರೆ ಅದು ರನ್‌ವೇಯಿಂದ ನೇರ ದೂರದಲ್ಲೇ ಇಪ್ಪತ್ತು ಕಿಲೋಮೀಟರ್ ಆಚೆ. ಪರಿಸರ ಅನುಮತಿ ಕೇಳಿ ಯೋಜನೆಯವರು ತುಂಬುವ ಫಾರಂನಲ್ಲಿ ಕೇಳುವುದು 15 ಕಿಲೋಮೀಟರ್ ಒಳಗೆ ಏನಿದೆ ಅಂತ. ಆ ಒಳಗೆ ಚಾಮುಂಡಿ ಬೆಟ್ಟದ ಮೀಸಲು ಅರಣ್ಯ ಇದೆ. ಮರಸೆ ಕೆರೆ, ಲಿಂಗಾಂಬುಧಿ, ಕಾರಂಜಿ, ಕುಕ್ಕರಹಳ್ಳಿ ಇವೆ. ನಂಜನಗೂಡು ಕಡೆಯ ಹದಿನಾರು ಅನ್ನುವ ಊರಿನ ಕೆರೆಗೆ ಚಳಿಗಾಲದಲ್ಲಿ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಹಕ್ಕಿಗಳು ಒಂದು ಕೆರೆಯಲ್ಲಿ ಮಲಗಿ ಇನ್ನೊಂದರಲ್ಲಿ ಮೇಯುತ್ತವೆ, ಬೆಳಗ್ಗೆ ಸಂಜೆ ಆ ಕಡೆ ಈ ಕಡೆ ಹಾರುತ್ತವೆ. ರಂಗನತಿಟ್ಟನ್ನು ಪೂರ್ತಿ ತೆಗೆದು ಮರಸೆಯನ್ನು ಮೇಲಕ್ಕೆ ತಂದೆವು.

ಇದನ್ನು ಹಕ್ಕಿಯ ಮೇಲಿನ ಪ್ರೀತಿ ಅಂತ ಬರೆದರೆ ಯಾರೂ ಓದುವುದಿಲ್ಲ, ಸುರಕ್ಷತೆಯ ಪ್ರಶ್ನೆಯಾಗಿ ಬರೆದರೆ ಓದುತ್ತಾರೆ. ಹಕ್ಕಿ ಎಂಜಿನ್‌ಗೆ ಬಡಿದರೆ ವಿಮಾನಕ್ಕೇ ಅಪಾಯ. 1937ರ ವಿಮಾನ ನಿಯಮಗಳ 91ನೇ ನಿಯಮ ನಿಲ್ದಾಣದ ಸುತ್ತ 10 ಕಿಲೋಮೀಟರ್ ಒಳಗೆ ಕಸ ಸುರಿಯಬಾರದು, ಪ್ರಾಣಿ ಕಡಿಯಬಾರದು ಅಂದಿದ್ದು ಇದಕ್ಕೇ. ಮೈಸೂರಿನ ಕಸ ದಶಕಗಳಿಂದ ಗುಡ್ಡೆಯಾಗಿರುವ ವಿದ್ಯಾರಣ್ಯಪುರಂನ ಸೀವೇಜ್ ಫಾರ್ಮ್ ಆ 10 ಕಿಲೋಮೀಟರ್ ಒಳಗೇ ಬರುತ್ತದೆ. ಅದರ ಮೇಲೆ ಹದ್ದುಗಳು ಸುತ್ತುವುದನ್ನು ಆ ಬಡಾವಣೆಯ ಯಾರನ್ನು ಕೇಳಿದರೂ ಹೇಳುತ್ತಾರೆ. ನಮ್ಮ ಭಯ ಇಷ್ಟು. ದೊಡ್ಡ ವಿಮಾನಗಳು ಬಂದ ಮೇಲೆ ಕಸದ ಗುಡ್ಡೆ ಇದ್ದಲ್ಲೇ ಇರುತ್ತದೆ, ಹಕ್ಕಿ ಓಡಿಸಲು ಪಟಾಕಿ ಹೊಡೆಯುವುದು ಮಾತ್ರ ನಮ್ಮ ಕೆರೆ ಏರಿ ಮೇಲೆ. ಕೆರೆಯನ್ನು ಹಾಗೇ ಉಳಿಸಿಕೊಂಡು ಹಕ್ಕಿ ಅಪಾಯ ಹೇಗೆ ತಗ್ಗಿಸುತ್ತೀರಿ ಅಂತ ಬರವಣಿಗೆಯಲ್ಲಿ ಕೊಡಿ ಅಂತ ಕೇಳಿದೆವು.

ಬೇಕೇ

ಇಲ್ಲಿ ಎದುರು ಪಕ್ಷದ ಮಾತಿಗೂ ಬಲ ಇದೆ. ಮೈಸೂರಿನವರು ದೆಹಲಿಗೆ ಹಾರಬೇಕಾದರೆ ಬೆಂಗಳೂರಿಡೀ ದಾಟಿ ದೇವನಹಳ್ಳಿ ಮುಟ್ಟಬೇಕು. 2023ರ ಮಾರ್ಚ್‌ನಲ್ಲಿ ದಶಪಥ ಉದ್ಘಾಟನೆಯಾದ ಮೇಲೆ ಬೆಂಗಳೂರು ಅಂಚು ಹತ್ತಿರವಾಯಿತು ನಿಜ, ಆದರೆ ಊರು ದಾಟುವ ಪಾಡು ಹಾಗೇ ಇದೆ. ಹೋಟೆಲಿನವರು, ಐಟಿಯವರು ಕೇಳುವುದರಲ್ಲಿ ನ್ಯಾಯ ಇದೆ.

ಪ್ರಶ್ನೆ, ಉದ್ದ ಮಾಡಿದರೆ ವಿಮಾನ ಬರುತ್ತದೆಯೇ ಅನ್ನುವುದು. ಮಂಡಕಳ್ಳಿಗೆ 2010ರ ಅಕ್ಟೋಬರ್‌ನಲ್ಲಿ ಕಿಂಗ್‌ಫಿಷರ್ ಬಂತು, ಮುಂದಿನ ವರ್ಷವೇ ನಿಂತಿತು. 2013ರಲ್ಲಿ ಸ್ಪೈಸ್‌ಜೆಟ್ ಬಂತು, ಅದೂ ಹೋಯಿತು. 2017ರಲ್ಲಿ ಕೇಂದ್ರದ ಉಡಾನ್ ಯೋಜನೆಯ ಸಬ್ಸಿಡಿಯ ಮೇಲೆ ಟ್ರೂಜೆಟ್, 2019ರಲ್ಲಿ ಅಲಯನ್ಸ್ ಏರ್. ರನ್‌ವೇ ಚಿಕ್ಕದು ಅನ್ನುವುದೇ ಇದಕ್ಕೆಲ್ಲ ಕಾರಣ ಅಂತ ಒಂದು ವಾದ. ಶಿವಮೊಗ್ಗ ಆ ವಾದಕ್ಕೆ ಅಡ್ಡ ನಿಲ್ಲುತ್ತದೆ. ಅಲ್ಲಿ 3,200 ಮೀಟರ್ ರನ್‌ವೇ ಇದೆ, 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು. ಆಗಸ್ಟ್‌ನಲ್ಲಿ ಮೊದಲು ಇಳಿದ ಪ್ರಯಾಣಿಕ ವಿಮಾನ ಎಟಿಆರ್, ಅಂದರೆ ಮಂಡಕಳ್ಳಿಯ ಈಗಿನ ರನ್‌ವೇಗೂ ಬರುವಂಥದ್ದು.

ಹುಬ್ಬಳ್ಳಿಯ ಮಾತನ್ನು ನಾವಾಗಿಯೇ ಅರ್ಜಿಯಲ್ಲಿ ಹಾಕಿದೆವು. ಅಲ್ಲಿ ರನ್‌ವೇ ಬೆಳೆಸಿ 2017ರ ಡಿಸೆಂಬರ್‌ನಲ್ಲಿ ಹೊಸ ಟರ್ಮಿನಲ್ ತೆರೆದ ಮೇಲೆ ಏರ್‌ಬಸ್‌ಗಳು ಬಂದವು. ನಮಗೆ ವಿರುದ್ಧದ ಉದಾಹರಣೆ. ಊರಿನ ಹುಡುಗನೊಬ್ಬ ಅದನ್ನು ತೆಗೆಯೋಣ ಅಂದ. ಬೇಡ ಅಂತ ನಾನು ಹಟ ಹಿಡಿದೆ. ನಾವು ಹೇಳದಿದ್ದರೆ ಅವರು ಹೇಳುತ್ತಾರೆ, ಆಗ ನಮ್ಮ ಶಿವಮೊಗ್ಗವೂ ಬಿದ್ದುಹೋಗುತ್ತದೆ. ಎರಡನ್ನೂ ಇಟ್ಟು, ಮೈಸೂರು ಯಾವುದರ ಹಾಗೆ ಆಗುತ್ತದೆ ಅನ್ನುವುದಕ್ಕೆ ಪ್ರಯಾಣಿಕರ ಅಂದಾಜು ತೋರಿಸಿ ಅಂದೆವು. ಭೂಮಿ ಬಿಸಿಯಾಗುವ ಮಾತನ್ನು ಒಂದು ಸಾಲಿಗೆ ಇಳಿಸಿದೆವು. ಅದು ದೊಡ್ಡ ವಿಷಯವೇ, ಆದರೆ ಅದನ್ನು ಹೊರಬೇಕಾದ್ದು ಈ ಊರಿನ ಅರ್ಜಿಯಲ್ಲ.

ಆದದ್ದು ಏನು

ಜಮೀನಿನ ಅರ್ಜಿಗಳಿಗೆ ಬಂದ ಉತ್ತರ ಬಹುತೇಕ ಒಂದೇ. ಸಾರ್ವಜನಿಕ ಉದ್ದೇಶಕ್ಕೆ ಸ್ವಾಧೀನ, ಆಕ್ಷೇಪಣೆ ತಳ್ಳಿಹಾಕಲಾಗಿದೆ. ಯಾರ ಸರ್ವೆ ನಂಬರೂ ಪಟ್ಟಿಯಿಂದ ಬಿಟ್ಟುಹೋಗಲಿಲ್ಲ. ದರ ಮಾತ್ರ ಮೊದಲು ಹೇಳಿದ್ದಕ್ಕಿಂತ ಏರಿತು, ಒಪ್ಪಿದವರು ತಗೊಂಡರು. ಪಹಣಿ ಇಲ್ಲದವರ ಅರ್ಜಿಗಳನ್ನು ಕಚೇರಿ ಮೊದಲು ತಗೊಳ್ಳಲೇ ಇಲ್ಲ. ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ಕಳಿಸಿ ಸ್ವೀಕೃತಿ ಇಟ್ಟುಕೊಂಡಿದ್ದಾರೆ. ಅವಕ್ಕೆ ಉತ್ತರ ಇಲ್ಲ.

ಹಳ್ಳದ ವಿಷಯದಲ್ಲಿ ಮಾತ್ರ ಒಂದು ಹೆಜ್ಜೆ ಮುಂದೆ ಹೋಯಿತು. ಜಂಟಿ ಅಳತೆಗೆ ಬಂದ ಸರ್ವೆಯರ್ ಗ್ರಾಮ ನಕಾಶೆ ಮತ್ತು ಫೋಟೊ ನೋಡಿ ತನ್ನ ಸ್ಕೆಚ್‌ನಲ್ಲಿ ಹಳ್ಳವನ್ನು ಗುರುತು ಮಾಡಿದ. ಮೊದಲಿನ ಸ್ಕೆಚ್‌ನಲ್ಲಿ ಅದು ಇರಲಿಲ್ಲ. ಸ್ಕೆಚ್‌ನಲ್ಲಿ ಹಳ್ಳ ಬಂದಮೇಲೆ ಅದನ್ನು ಮುಚ್ಚುವುದಕ್ಕೆ ಮುಂಚೆ ಯಾರಾದರೂ ಕಾರಣ ಬರೆಯಲೇಬೇಕು. ಇದು ಸಣ್ಣ ಗೆಲುವು. ಎಲ್ಲ ಅರ್ಜಿಗಳಲ್ಲಿ ನಮಗೆ ಪೂರ್ತಿ ದಕ್ಕಿದ್ದು ಇದೊಂದೇ.

ನ್ಯಾಯಾಲಯದ ಮಾತು ಬಂದಾಗ ಗೋವಾದ ಮೋಪಾ ವಿಮಾನ ನಿಲ್ದಾಣದ ಪ್ರಕರಣವನ್ನು ಇದ್ದ ಹಾಗೇ ಹೇಳಿದೆವು. ಪರಿಸರ ಅನುಮತಿಯ ಫಾರಂನಲ್ಲಿ ಮರ, ಕಾಡುಗಳ ವಿಷಯ ಮುಚ್ಚಿಟ್ಟಿದ್ದಕ್ಕೆ ಸುಪ್ರೀಂ ಕೋರ್ಟ್ 2019ರ ಮಾರ್ಚ್‌ನಲ್ಲಿ ಪರಿಸರ ಅನುಮತಿಯನ್ನೇ ತಡೆಹಿಡಿಯಿತು. ಮತ್ತೆ ಪರಿಶೀಲನೆ ಆಗಿ, ಹೆಚ್ಚಿನ ಷರತ್ತು ಹಾಕಿ, 2020ರ ಜನವರಿಯಲ್ಲಿ ತಡೆ ತೆಗೆಯಿತು. ಈಗ ಅಲ್ಲಿ ವಿಮಾನ ಇಳಿಯುತ್ತಿದೆ. ಗೆದ್ದವರಿಗೆ ಸಿಕ್ಕಿದ್ದು ಷರತ್ತುಗಳು. ಅಷ್ಟಕ್ಕೆ ಇಷ್ಟು ಓಡಾಟವಾ ಅಂತ ಊರಲ್ಲಿ ಕೇಳಿದವರಿದ್ದಾರೆ. ಹೊಲ ಉಳಿಸಿಕೊಳ್ಳಲು ಬಂದವರಿಗೆ ಅದು ಸಾಲದು, ನಿಜ. ಹಳ್ಳದ ಕೆಳಗೆ ಹೊಲ ಇರುವವರಿಗೆ ಒಂದು ಮೋರಿಯ ಅಗಲವನ್ನು ಷರತ್ತಾಗಿ ಬರೆಸಿಕೊಳ್ಳುವುದೇ ಬದುಕಿನ ಪ್ರಶ್ನೆ.

ಎರಡನೆಯ ಅರ್ಜಿ ಆಲಿಕೆ ಸಭೆಗೆ ಸಿದ್ಧವಾಗಿದೆ. ಸಭೆಗೆ ಕನಿಷ್ಠ 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು. ಕರಡು ವರದಿಯ ಸಾರಾಂಶ ಕನ್ನಡದಲ್ಲೂ ಸಿಗಬೇಕು. ಸಭೆಗೆ ಇಷ್ಟೇ ಜನ ಬರಬೇಕು ಅಂತ ನಿಯಮ ಇಲ್ಲ, ಇಬ್ಬರೇ ಹೋದರೂ ಹೇಳಿದ್ದು ವಿಡಿಯೊದಲ್ಲಿ, ನಡಾವಳಿಯಲ್ಲಿ ದಾಖಲಾಗಬೇಕು. ದಿನಪತ್ರಿಕೆ ನೋಡುವ ಕೆಲಸವನ್ನು ಊರಿನ ಗ್ರಂಥಾಲಯದ ಹುಡುಗನಿಗೆ ವಹಿಸಿದ್ದಾರೆ. ನೀರಿನ ಅಧ್ಯಾಯವನ್ನು ಹಳ್ಳದ ಕೆಳಗಿನ ಹೊಲದವರಲ್ಲಿ ಪಿಯುಸಿ ಓದಿದ ಇಬ್ಬರು ನೋಡುತ್ತಾರೆ. ಹಕ್ಕಿಗಳ ಭಾಗ ಮೈಸೂರಿನ ಗೆಳೆಯರದು. ಜಮೀನು ಇಲ್ಲದವರ ಪರ ಯಾರು ಮಾತಾಡಬೇಕು ಅನ್ನುವುದು ಮಾತ್ರ ಇನ್ನೂ ತೀರ್ಮಾನ ಆಗಿಲ್ಲ. ಸಭೆಯಲ್ಲಿ ಅಂದು ಪ್ರಶ್ನೆ ಕೇಳಿದ ಹೆಂಗಸನ್ನೇ ಕಳಿಸೋಣ ಅಂತ ಕೆಲವರು ಅನ್ನುತ್ತಾರೆ. ಅವತ್ತಿನ ಕೂಲಿ ಯಾರು ಕೊಡುತ್ತೀರಿ ಅಂತ ಆಕೆ ಕೇಳಿದ್ದಾಳೆ.